ರೋಮ್‌ನ ಹೊಸ್ತಿಲಲ್ಲಿ ಒಂದು ಬನಿಯನ್

ಮಗಳ ಮನೆಯಿಂದ ಮೈಸೂರಿಗೆ ಹಿಂತಿರುಗುವಾಗ ರೋಮ್‌ನಲ್ಲಿ ವಿಮಾನ ಬದಲಿಸಬೇಕಿತ್ತು. ನಡುವೆ ಹದಿನೇಳು ಗಂಟೆಗಳ ಬಿಡುವಿತ್ತು. ಅಷ್ಟು ಹೊತ್ತಿನಲ್ಲಿ ಒಂದು ಸಾಮ್ರಾಜ್ಯವನ್ನೇ ನೋಡಿ ಮುಗಿಸಬಹುದೆಂದು ಲೆಕ್ಕ ಹಾಕಿ, ನಿಲ್ದಾಣದ ಸಮೀಪದ ಹೋಟೆಲೊಂದರಲ್ಲಿ ಕೋಣೆ ಕಾದಿರಿಸಿದವನು ನಾನೇ. ಹೋಟೆಲಿನ ಹೆಸರಿನ ಜೊತೆಗೆ ‘ರೋಮ್’ ಎಂಬ ಪದವಿದ್ದುದರಿಂದ ಕಿಟಕಿ ತೆರೆದರೆ ಕೊಲೋಸಿಯಮ್ ಕಾಣದಿದ್ದರೂ ಅದರ ಗೋಡೆಯಾದರೂ ಕಂಡೀತೆಂದು ನಂಬಿದ್ದೆ. ದೇವನಹಳ್ಳಿಯಲ್ಲಿ ಇಳಿದವರನ್ನೆಲ್ಲ ಬೆಂಗಳೂರಿಗೆ ಬಂದರೆನ್ನುವ ನಾಡಿನವನಾದ ನನಗೆ ಇದರ ಗುಟ್ಟು ಮೊದಲೇ ಹೊಳೆಯಬೇಕಿತ್ತು. ಲಿಯೊನಾರ್ಡೊ ಡ ವಿಂಚಿಯ ಹೆಸರು ಹೊತ್ತ ಆ ನಿಲ್ದಾಣವಿರುವುದು ಫ್ಯುಮಿಚಿನೊ ಎಂಬ ಕಡಲತಡಿಯ ಊರಿನಲ್ಲಿ. ಅಲ್ಲಿಂದ ರೋಮ್‌ನ ನಡುಭಾಗಕ್ಕೆ ಸುಮಾರು 30 ಕಿ.ಮೀ. 1992ರಲ್ಲಿ ಆ ಊರು ಅಣ್ಣತಮ್ಮಂದಿರು ಪಾಲಾದಂತೆ ರೋಮ್‌ನಿಂದ ಬೇರೆಯಾಗಿ ತನ್ನದೇ ಪುರಸಭೆ ಕಟ್ಟಿಕೊಂಡಿದೆಯಂತೆ.

ಹೋಟೆಲಿನ ಉಚಿತ ಬಸ್ಸಿಗಾಗಿ ಮುಕ್ಕಾಲು ಗಂಟೆ ಕಾದು ಕೋಣೆ ಸೇರಿದೆವು. ನನ್ನಾಕೆ ಮೊದಲು ಹುಡುಕಿದ್ದು ಬಟ್ಟೆ ಒಣಗಿಸುವ ಹಗ್ಗವನ್ನು. ಬಚ್ಚಲಿನಲ್ಲಿ, ಷವರಿನ ಪಕ್ಕದ ಗೋಡೆಯ ಮೇಲಿಂದ ತೆಳುವಾದ ಬಿಳಿಯ ದಾರವೊಂದು ಇಳಿಬಿದ್ದಿತ್ತು; ತುದಿಯಲ್ಲಿ ಸಣ್ಣ ಪ್ಲಾಸ್ಟಿಕ್ ಗುಂಡಿ. “ನೋಡಿ, ಎಷ್ಟು ಅಚ್ಚುಕಟ್ಟು, ಒದ್ದೆ ಬಟ್ಟೆಗೆಂದೇ ಇಟ್ಟಿದ್ದಾರೆ” ಎಂದು ಮೆಚ್ಚಿ, ಆಗತಾನೇ ಹಿಂಡಿದ ನನ್ನ ಬನಿಯನ್ನನ್ನು ಆಕೆ ಅದಕ್ಕೆ ಗಂಟು ಹಾಕಿ ತೂಗಿಬಿಟ್ಟಳು. ಸ್ನಾನದ ಮನೆಯಲ್ಲಿ ಜಾರಿಬಿದ್ದವರು ಎಳೆದು ಸಹಾಯಕ್ಕೆ ಕರೆಯಲೆಂದು ಇಟಲಿಯ ಹೋಟೆಲುಗಳಲ್ಲಿ ಇಂಥ ದಾರವನ್ನು ಇಳಿಬಿಟ್ಟಿರುತ್ತಾರೆಂಬುದು ನಮಗೆ ತಿಳಿದದ್ದು ಎರಡು ನಿಮಿಷದ ನಂತರ. ಒಬ್ಬ ಯುವಕನೂ ಒಬ್ಬ ಹೆಂಗಸೂ ಏದುಸಿರು ಬಿಡುತ್ತ ಬಾಗಿಲು ಬಡಿದಾಗ. ಟವೆಲ್ ಸುತ್ತಿಕೊಂಡು ಬಾಗಿಲು ತೆರೆದ ನನ್ನನ್ನು ಅವರು ತಲೆಯಿಂದ ಪಾದದವರೆಗೆ ನೋಡಿದರು. ಬಿದ್ದ ಗುರುತೇನೂ ಕಾಣಲಿಲ್ಲ. ನಾನು ಮಾತಿಲ್ಲದೆ ಬಚ್ಚಲಿನತ್ತ ಕೈ ತೋರಿಸಿದೆ. ನೀರು ತೊಟ್ಟಿಕ್ಕುತ್ತಿದ್ದ ಬನಿಯನ್ನನ್ನು ಆ ಹೆಂಗಸು ಬಿಚ್ಚಿ, ಎರಡು ಬೆರಳಲ್ಲಿ ಹಿಡಿದು ನನ್ನ ಕೈಗಿತ್ತಾಗ ತೋರಿದ ಗಾಂಭೀರ್ಯ ನ್ಯಾಯಾಲಯದಲ್ಲೂ ಕಂಡಿಲ್ಲ. ಪಕ್ಕದಲ್ಲಿದ್ದ ‘ಬಿಡೆ’ಯಲ್ಲಿ, ಅಂದರೆ ಶೌಚದ ನಂತರ ತೊಳೆದುಕೊಳ್ಳುವ ತೊಟ್ಟಿಯಲ್ಲಿ, ನೆನೆಹಾಕಿದ್ದ ಕಾಲುಚೀಲಗಳು ಅವರ ಕಣ್ಣಿಗೆ ಬಿದ್ದವೋ ಇಲ್ಲವೋ, ನಾನು ಕೇಳಲಿಲ್ಲ.

ಆ ಮುಖಭಂಗದ ನಂತರ ಸ್ವಾಗತಕಾರರ ಮುಂದೆ ಹಾದುಹೋಗುವ ಧೈರ್ಯ ಬರಲು ಸಂಜೆಯಾಯಿತು. ವಿಮಾನ ನಿಲ್ದಾಣದಿಂದ ರೋಮ್‌ನ ನಡುಭಾಗದ ಟೆರ್ಮಿನಿ ರೈಲು ನಿಲ್ದಾಣಕ್ಕೆ ನೇರ ರೈಲಿದೆ, 32 ನಿಮಿಷದ ದಾರಿ, ತಲೆಗೆ 14 ಯೂರೋ ಎಂದು ನಾನು ಹೇಳಿದ ಕೂಡಲೇ ನನ್ನಾಕೆ ಇಬ್ಬರಿಗೂ ಹೋಗಿಬರಲು 56 ಯೂರೋ, ಅಂದರೆ ಹತ್ತಿರ ಹತ್ತಿರ ಐದು ಸಾವಿರ ರೂಪಾಯಿ ಎಂದು ಮನಸ್ಸಿನಲ್ಲೇ ಗುಣಿಸಿದಳು. ರೈಲು ಹತ್ತಲು ಮೊದಲು ಅದೇ ಉಚಿತ ಬಸ್ಸಿಗೆ ಕಾಯಬೇಕೆಂಬುದನ್ನು ನೆನಪಿಸಿದಳು. ಬೆಳಗಿನ ಜಾವ ನಾಲ್ಕಕ್ಕೆ ಏಳಬೇಕಿತ್ತು. ಮಂಚದ ತಲೆದೆಸೆಯ ಗೋಡೆಯ ಮೇಲೆ ಕೊಲೋಸಿಯಮ್‌ನ ದೊಡ್ಡ ಚಿತ್ರವೊಂದಿತ್ತು. ದಿಂಬು ಕಾಣದಂತೆ ನನ್ನನ್ನು ಅದರ ಮುಂದೆ ನಿಲ್ಲಿಸಿ ಆಕೆ ಫೋಟೋ ತೆಗೆದಳು.

ಮರುದಿನ ವಿಮಾನ ಮೇಲೇರುವಾಗ ಕೆಳಗೆ, ಗೆರೆ ಕೊರೆದಿಟ್ಟಂಥ ಆರು ಮೂಲೆಯ ಕೆರೆಯೊಂದು ಕಂಡಿತು. “ಯಾರೋ ಶಿಸ್ತಿನ ಮನುಷ್ಯ ತೋಡಿಸಿದ್ದಾನೆ” ಎಂದಳು ಆಕೆ. ತೋಡಿಸಿದವನು ಚಕ್ರವರ್ತಿ ಟ್ರಾಜನ್ ಎಂಬುದನ್ನು ಊರಿಗೆ ಬಂದ ಮೇಲೆ ಓದಿದೆ: ಅದು ರೋಮ್‌ಗೆ ಈಜಿಪ್ಟಿನ ಧಾನ್ಯ ಇಳಿಯುತ್ತಿದ್ದ, ಸುಮಾರು 1,900 ವರ್ಷಗಳ ಹಿಂದಿನ ಬಂದರು; ತೈಬರ್ ನದಿಯ ಹೂಳಿನಿಂದ ಸಮುದ್ರ ದೂರ ಸರಿದು ಈಗ ಒಳನಾಡಿನ ಕೆರೆಯಾಗಿದೆ. ನಿಲ್ದಾಣವನ್ನು ಕಟ್ಟುವಾಗ ಅಗೆದಲ್ಲಿ ರೋಮನ್ ಹಡಗುಗಳೇ ಸಿಕ್ಕಿದ್ದವಂತೆ. ರೋಮ್ ನೋಡಲಾಗಲಿಲ್ಲವೆಂದು ನಾವು ಹೊರಳಾಡಿದ್ದು ಅದರ ಹೆಬ್ಬಾಗಿಲಿನಲ್ಲೇ.

ಫೋಟೋ ನೋಡಿದ ಭಾವಮೈದುನ ಮಾತ್ರ, “ಭಾವ, ಅಷ್ಟು ಹತ್ತಿರ ಹೋಗಲು ಬಿಡುತ್ತಾರಾ?” ಎಂದು ಇವತ್ತಿಗೂ ಕೇಳುತ್ತಿದ್ದಾನೆ.