ಝೆರಾಕ್ಸ್ ನೋಡಿ ಮುಖ ತೀರ್ಮಾನಿಸುವವರ ಬಗ್ಗೆ

ಕಪ್ಪು ಬಿಳುಪಿನ ಝೆರಾಕ್ಸ್ ಪ್ರತಿಯಲ್ಲಿ ಹೆಬ್ಬೆರಳಿನಷ್ಟಿರುವ ಎರಡು ಮುಖಗಳನ್ನು ಅರೆಗಳಿಗೆ ನೋಡಿ, "ಇವ್ರು ಅವ್ರಲ್ಲ ಬಿಡ್ರೀ, ಬಾಂಡ್ ಮ್ಯಾಲ ಅಫಿಡವಿಟ್ ಮಾಡಿಸ್ಕೊಂಡು ಬರ್ರಿ" ಎಂದುಬಿಡುವ ಅಧಿಕಾರವನ್ನು ಕೌಂಟರಿನಲ್ಲಿ ಕುಳಿತವರಿಗೆ ಯಾರು ಕೊಟ್ಟರು? ಹಾಗೆ ಅನ್ನಿಸಿಕೊಂಡವಳು ನಮ್ಮ ಅವ್ವ. ತೀರಿಕೊಂಡ ಅಪ್ಪನ ಖಾತೆಯ ಹಣವನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಆಳಂದ ತಾಲ್ಲೂಕಿನಿಂದ ಬಸ್ ಹತ್ತಿ ಕಲಬುರಗಿಗೆ ಬಂದಿದ್ದಳು.

ಹಳೆಯ ಮತದಾರರ ಚೀಟಿಯಲ್ಲಿ ಅವಳ ಹಣೆ ತುಂಬ ಕುಂಕುಮವಿದೆ, ಬಾಯಿ ತುಂಬ ಹಲ್ಲಿವೆ. ಅಪ್ಪ ಹೋದ ಮೇಲೆ ತೆಗೆಸಿದ ಆಧಾರ್ ಫೋಟೋದಲ್ಲಿ ಹಣೆ ಬರಿದಾಗಿದೆ, ಹಲ್ಲು ಉದುರಿದ್ದರಿಂದ ಕೆನ್ನೆ ಒಳಗೆ ಹೋಗಿ ಗದ್ದ ಮೇಲೇರಿದಂತೆ ಕಾಣುತ್ತದೆ. ಅದೂ ಅಲ್ಲದೆ ಕ್ಯಾಮೆರಾ ಮುಖಕ್ಕೆ ತೀರ ಹತ್ತಿರವಿದ್ದರೆ ಮೂಗು ದೊಡ್ಡದಾಗಿ, ಕಿವಿ ಹಿಂದೆ ಸರಿದಂತೆ ಬರುತ್ತದೆ. ಇವೆಲ್ಲ ಬದಲಾಗುವ ಸಂಗತಿಗಳು. ಮುಖ ಹೋಲಿಸುವ ತಜ್ಞರು ಇವನ್ನು ಬದಿಗಿಟ್ಟು, ಕಿವಿಯ ಹೊರಸುತ್ತಿನ ಮಡಿಕೆ, ಮೂಗಿನ ಹೊಳ್ಳೆಗಳ ಆಕಾರ, ಮಚ್ಚೆ, ಗಾಯದ ಕಲೆ ಮುಂತಾದವುಗಳನ್ನು ಒಂದೊಂದಾಗಿ ನೋಡುತ್ತಾರೆ. ಅವ್ವನ ಎಡಹೊಳ್ಳೆಯ ಪಕ್ಕದ ಮಚ್ಚೆ ಎರಡೂ ಮೂಲ ಕಾರ್ಡುಗಳಲ್ಲಿ ಸ್ಪಷ್ಟವಾಗಿದೆ. ಸೆರಗಿನಿಂದ ಹೊರಗುಳಿದ ಬಲಗಿವಿಯ ಮಡಿಕೆಯೂ ಒಂದೇ. ಝೆರಾಕ್ಸಿನಲ್ಲಿ ಆ ಮಚ್ಚೆ ಮೂಗಿನ ನೆರಳಿನೊಳಗೆ ಕರಗಿ ಕರಿ ಮಸಿಯಾಗಿತ್ತು. ಮೂಲ ಕಾರ್ಡುಗಳನ್ನು ಮುಂದಿಟ್ಟರೆ ಅವರು ಕಣ್ಣೆತ್ತಿಯೂ ನೋಡಲಿಲ್ಲ. ಜೀವಂತ ಅವ್ವ ಎದುರಿಗೇ ನಿಂತಿದ್ದಳಲ್ಲ, ಅವಳನ್ನಾದರೂ ನೋಡಬಹುದಿತ್ತು.

ಅಪರಿಚಿತ ಮುಖಗಳನ್ನು ಹೋಲಿಸುವುದು ಅನುಭವ ಉಳ್ಳವರಿಗೂ ಸುಲಭವಲ್ಲ. ಆಸ್ಟ್ರೇಲಿಯಾದ ಪಾಸ್‌ಪೋರ್ಟ್ ಅಧಿಕಾರಿಗಳನ್ನು ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎದುರಿಗಿದ್ದ ವ್ಯಕ್ತಿಯದಲ್ಲದ ಫೋಟೋವನ್ನು ಅವರದೇ ಎಂದು ಒಪ್ಪಿಕೊಂಡ ತಪ್ಪು ಶೇಕಡ 14ರಷ್ಟಿತ್ತು, ಸೇವಾವಧಿ ಹೆಚ್ಚಿದ್ದವರು ಉಳಿದವರಿಗಿಂತ ಉತ್ತಮರೆಂದೂ ಕಂಡುಬರಲಿಲ್ಲ. 2018ರ ಇನ್ನೊಂದು ಅಧ್ಯಯನದಲ್ಲಿ ವಿಧಿವಿಜ್ಞಾನದ ಮುಖ ಪರೀಕ್ಷಕರಿಗೆ ಕೇವಲ 20 ಜೋಡಿ ಚಿತ್ರಗಳನ್ನು ಕೊಟ್ಟು ಮೂರು ತಿಂಗಳವರೆಗೆ ಕಾಲಾವಕಾಶ ನೀಡಿದ್ದರು. ಉತ್ತರವನ್ನೂ ಹೌದು ಅಲ್ಲ ಎಂದಲ್ಲ, ಏಳು ಹಂತಗಳ ಅಳತೆಯಲ್ಲಿ ಕೇಳಿದ್ದರು. ನಮ್ಮ ಕೌಂಟರಿನಲ್ಲಿ ಹಂತ ಒಂದೇ: "ಆಗಂಗಿಲ್ರಿ."

ಇನ್ನು ಅವರು ಹೇಳಿದ ಅಫಿಡವಿಟ್. ಕೋರ್ಟಿನ ಮುಂದೆ ಟೈಪ್ ಮಾಡುವವನ ಹತ್ತಿರ ಹೋಗಿ ದುಡ್ಡು ಕೊಟ್ಟರೆ, ಅವ್ವನನ್ನು ಹಿಂದೆಂದೂ ಕಂಡಿರದ ವಕೀಲರೊಬ್ಬರು "ಇವರನ್ನು ನಾನು ಬಲ್ಲೆ" ಎಂದು ಸಹಿ ಹಾಕುತ್ತಾರೆ, ನೋಟರಿ ಮುದ್ರೆ ಬೀಳುತ್ತದೆ. ಎದುರಿಗಿರುವ ಮುಖವನ್ನು ನಂಬದ ಕಚೇರಿ ಆ ಮುದ್ರೆಯನ್ನು ಕಣ್ಣುಮುಚ್ಚಿ ನಂಬುತ್ತದೆ. ಮೋಸ ಮಾಡಲು ಬಂದವನಿಗೆ ಇದಕ್ಕಿಂತ ಸಲೀಸಾದ ದಾರಿ ಬೇಕೆ? ತೊಂದರೆಯಾಗುವುದು ಬಸ್ ಚಾರ್ಜು ಎಣಿಸಿಕೊಂಡು ಬರುವ ಮುದುಕಿಯರಿಗೆ ಮಾತ್ರ.

ಯಾವ ಲಕ್ಷಣ ಹೊಂದುತ್ತಿಲ್ಲವೆಂದು ಬರೆದುಕೊಡಿ ಎಂದು ಕೇಳಿದೆ. "ಹಂಗೆಲ್ಲ ಬರದು ಕೊಡಂಗಿಲ್ರಿ" ಎಂದರು. ಕಾರಣ ಕೇಳಿ ಅವರ ಮೇಲಧಿಕಾರಿಗೆ ಅರ್ಜಿ ಕೊಟ್ಟು, ಎರಡೂ ಕಾರ್ಡುಗಳ ಬಣ್ಣದ ಪ್ರತಿಯನ್ನು ದೊಡ್ಡದಾಗಿ ತೆಗೆಸಿ, ಮಚ್ಚೆಗೆ ಕೆಂಪು ಶಾಯಿಯಲ್ಲಿ ಸುತ್ತುಹಾಕಿ ಲಗತ್ತಿಸಿದ್ದೇನೆ. ಅಫಿಡವಿಟ್ ಮಾತ್ರ ಮಾಡಿಸುವುದಿಲ್ಲ.