ಆ್ಯನ್ ಹಾಕೋಕೆ ಅ ಆ ಇ ಈ ಸಾಕು

ಚಿಕ್ಕಮಗಳೂರು ಕಡೆ ಕಾಫಿ ತೋಟದ ಗೇಟಿನಲ್ಲಿ ‘ವಾಂಟೆಡ್ ಎ ಎಕ್ಸ್‌ಪೀರಿಯನ್ಸ್ಡ್ ರೈಟರ್’ ಅಂತ ಬೋರ್ಡ್ ಕಂಡರೆ ಸಾಕು, ಫೋಟೋ ಹೊಡೆದು ವಾಟ್ಸಾಪ್ ಗ್ರೂಪಿಗೆ ಹಾಕಿ ನಗುವವರಿದ್ದಾರೆ. (ರೈಟರ್ ಅಂದರೆ ಕಥೆಗಾರ ಅಲ್ಲ, ಆಳುಗಳ ಹಾಜರಿ ಪಟ್ಟಿ, ಅಂದರೆ ಚೆಕ್‌ರೋಲ್ ಬರೆಯುವವನು.) ನಗುವವರನ್ನೇ ಕೇಳಿ, ಅಲ್ಲಿ ‘ಎ’ (a) ಬದಲು ‘ಆ್ಯನ್’ (an) ಯಾಕೆ ಬರಬೇಕು ಅಂತ. ‘ಎ ಇ ಐ ಒ ಯು ಇದ್ರೆ ಆ್ಯನ್’ ಅಂತಾರೆ. ಸರಿ, ಯೂನಿವರ್ಸಿಟಿಗೂ ಯು ಇದೆಯಲ್ಲ, ಅದಕ್ಯಾಕೆ ‘ಎ’? ಅಲ್ಲಿಗೆ ಮಾತು ನಿಲ್ಲುತ್ತದೆ.

ಆ ಐದಕ್ಷರದ ಬಾಯಿಪಾಠವೇ ತೊಂದರೆ. ಇಂಗ್ಲಿಷಿನವರು ಆ್ಯನ್ ಹಾಕೋದು ಕಿವಿ ಕೇಳಿ, ಸ್ಪೆಲ್ಲಿಂಗ್ ನೋಡಿ ಅಲ್ಲ. ಸ್ವರ ಯಾವುದು, ವ್ಯಂಜನ ಯಾವುದು ಅಂತ ನಮ್ಮ ಕನ್ನಡ ಮೀಡಿಯಂ ಮಕ್ಕಳಿಗೆ ಚೆನ್ನಾಗೇ ಗೊತ್ತು. ಪದವನ್ನು ಕನ್ನಡದಲ್ಲಿ ಬರೆಸಿ ನೋಡಿ, ಸ್ವರದಿಂದ ಶುರುವಾದರೆ ಆ್ಯನ್, ವ್ಯಂಜನದಿಂದಾದರೆ ಎ. ‘ಅವರ್’ ಶುರುವಾಗೋದು ಅ ಇಂದ, ಸ್ಪೆಲ್ಲಿಂಗಲ್ಲಿ ಎಚ್ ಇದ್ದರೇನು, ಆ್ಯನ್ ಅವರ್. ‘ಯೂನಿವರ್ಸಿಟಿ’ಗೆ ಯ, ಹಾಗಾಗಿ ಎ. ಎಂಎಲ್ಎಗೆ ಆ್ಯನ್. ಹಾಸನದಲ್ಲಿ ಡೇರಿಗೆ ಹಾಲು ಹಾಕುವವರ ಕೊಟ್ಟಿಗೆಯಲ್ಲಿರೋದು ಎ ಕೌ, ಆದರೆ ಆ್ಯನ್ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ತಳಿ) ಕೌ. ಪಕ್ಕದ ಪದವನ್ನಷ್ಟೇ ನೋಡಬೇಕು: ಆ್ಯನ್ ಎಸ್ಟೇಟ್, ಎ ಕಾಫಿ ಎಸ್ಟೇಟ್, ಆ್ಯನ್ ಓಲ್ಡ್ ಕಾಫಿ ಎಸ್ಟೇಟ್.

ನಮ್ಮ ನಾಲಿಗೆಯದ್ದೇ ಒಂದಿಷ್ಟು ಕಿತಾಪತಿ ಇದೆ, ಒಪ್ಪುತ್ತೇನೆ. ಎಸ್ಟೇಟನ್ನು ಯೆಸ್ಟೇಟ್ ಮಾಡುತ್ತೇವೆ. ವನ್‌ವೇ ಅನ್ನೋದನ್ನ ಒನ್‌ವೇ ಅಂತ ಬರೆಯುತ್ತೇವೆ, ಅದು ವ, ಆದ್ದರಿಂದ ಎ. ಹಳ್ಳಿ ಕಡೆ ಹಾಸನ ಆಸನ ಆಗುತ್ತೆ, ಹೋಟೆಲ್ ಓಟ್ಲು ಆಗುತ್ತೆ. ಇದಕ್ಕೆ ನಾಚಿಕೊಳ್ಳಬೇಕಾಗಿಲ್ಲ ಬಿಡಿ, ಹಿಂದಿನ ಇಂಗ್ಲಿಷಿನವರೂ ಎಷ್ಟೋ ಜನ ‘ಆ್ಯನ್ ಹೋಟೆಲ್’ ಅಂತಲೇ ಬರೆಯುತ್ತಿದ್ದರು, ಫ್ರೆಂಚಿನಿಂದ ಬಂದ ಆ ಪದದ ಹ ಅವರ ಬಾಯಲ್ಲೂ ನಿಲ್ಲುತ್ತಿರಲಿಲ್ಲ.

ಹೀಗೆ ಉಳಿದ ಪೀರಿಯಡ್ಡನ್ನು ನಿಜವಾಗಿ ಕಷ್ಟ ಇರೋ ಕಡೆ ಖರ್ಚು ಮಾಡಬಹುದು. ಎ, ಆ್ಯನ್ ಎರಡೂ ಬರಬಾರದ ಜಾಗ ಇದೆಯಲ್ಲ, ಅಲ್ಲಿ. ‘ಆ್ಯನ್ ಅಡ್ವೈಸ್’, ‘ಆ್ಯನ್ ಇನ್ಫರ್ಮೇಷನ್’ ಅಂತ ಡಿಗ್ರಿ ಆದವರೂ ಬರೆಯುತ್ತಾರೆ, ಅದಕ್ಕೆ ಯಾರೂ ಫೋಟೋ ಹೊಡೆಯಲ್ಲ. ಸಲಹೆ ಒಂದು, ಎರಡು ಅಂತ ನಾವು ಎಣಿಸುತ್ತೇವೆ, ಇಂಗ್ಲಿಷಿನಲ್ಲಿ ಅಡ್ವೈಸ್ ಎಣಿಸುವಂಥದ್ದಲ್ಲ. ಕಾಫಿಯೂ ಹಾಗೇ. ಹೋಟೆಲಲ್ಲಿ ಕೂತು ‘ಎ ಕಾಫಿ’ ಅಂದರೆ ಒಂದು ಲೋಟ ಬರುತ್ತೆ. ಗೋಡೌನಲ್ಲಿ ಮೂಟೆಗಟ್ಟಲೆ ಬಿದ್ದಿದ್ದರೂ ಅದು ಬರೀ ಕಾಫಿ, ಅದಕ್ಕೆ ಎ, ಆ್ಯನ್ ಏನೂ ಬರಲ್ಲ.