ಅಂದಕ್ಕೆ ಇಷ್ಟು ಗ್ರಾಂ

ನಮ್ಮ ಅಡುಗೆಮನೆಯ ಡಿಜಿಟಲ್ ತಕ್ಕಡಿ ಅಡುಗೆಮನೆ ಬಿಟ್ಟು ಬಹಳ ಕಾಲವಾಯಿತು. ಈಗ ಅದರ ಮೇಲೆ ಕೂರುವುದು ಬಾಲ್ಸಾ ಹಲಗೆ, ತಿರುಪು, ತಂತಿ, ಸರ್ವೋ ಮೋಟಾರು. ರೇಡಿಯೊ ಕಂಟ್ರೋಲಿನ ಏರೋಬ್ಯಾಟಿಕ್ ವಿಮಾನವನ್ನು, ಅಂದರೆ ಆಕಾಶದಲ್ಲಿ ಲಾಗ ಹಾಕುವ ಜಾತಿಯದನ್ನು, ಸ್ವಂತ ಕೈಯಿಂದ ಕಟ್ಟುತ್ತೇನೆಂದು ಹೊರಟವನ ಮನೆಯಲ್ಲಿ ಹೀಗೇ ಆಗುವುದು. ಮನೆಯವಳು ಶುರುವಿನಲ್ಲಿ ತಕ್ಕಡಿ ಕೇಳುತ್ತಿದ್ದಳು. ಈಗ ಅಂದಾಜಿನ ಮೇಲೇ ನಡೆಸುತ್ತಾಳೆ. ನಾನು ಅಂದಾಜಿನ ಮೇಲೆ ನಡೆಸುವಂತಿಲ್ಲ.

ಬಾಲ್ಸಾ ವಿಚಿತ್ರ ಮರ. ಸಸ್ಯಶಾಸ್ತ್ರದವರು ಅದನ್ನು ಗಟ್ಟಿಮರಗಳ ಸಾಲಿಗೆ ಸೇರಿಸಿದ್ದಾರೆ. ಉಗುರು ತಗುಲಿದರೆ ಗುಳಿ ಬೀಳುತ್ತದೆ. ಹೆಚ್ಚಾಗಿ ಈಕ್ವೆಡಾರಿನಿಂದ ಬರುವ ಈ ಮರ ಘನ ಮೀಟರಿಗೆ ಸುಮಾರು 100ರಿಂದ 200 ಕಿಲೊ ತೂಗುತ್ತದೆ, ನೀರಾದರೆ 1000. ಒಂದೇ ಕಟ್ಟಿನಲ್ಲಿ ಬಂದ, ಒಂದೇ ಅಳತೆಯ ಎರಡು ಹಲಗೆಗಳಲ್ಲಿ ಒಂದು ಇನ್ನೊಂದರ ಎರಡರಷ್ಟು ಭಾರವಿದ್ದರೂ ಇರಬಹುದು. ಅದಕ್ಕೇ ಒಂದೊಂದನ್ನೂ ತೂಗಿ, ಮೂಲೆಯಲ್ಲಿ ಪೆನ್ಸಿಲಿನಿಂದ ತೂಕ ಬರೆದು, ತೀರಾ ಹಗುರವಾದದ್ದನ್ನು ಬಾಲಕ್ಕೆ ಎತ್ತಿಡಬೇಕು. ವಿಮಾನದ ತೂಕ ಸಮತೂಗುವ ಜಾಗ ರೆಕ್ಕೆಯಲ್ಲಿದೆ. ಅಲ್ಲಿಂದ ಬಾಲ ದೂರ, ಮೂಗು ಹತ್ತಿರ. ಹಾಗಾಗಿ ಬಾಲದಲ್ಲಿ ಒಂದು ಗ್ರಾಂ ಜಾಸ್ತಿಯಾದರೆ ಮೂಗಿಗೆ ಎರಡೋ ಮೂರೋ ಗ್ರಾಂ ಸೀಸ ತುಂಬಬೇಕು. ಮೀಟರ್ ಬಡ್ಡಿಯ ಸಾಲದ ಹಾಗೆ: ಪಡೆದದ್ದು ಚಿಟಿಕೆ, ಕಟ್ಟುವುದು ಬೊಗಸೆ.

ಅಂಟಿನ ಕಥೆ ಬೇರೆ. ನಾವು ಬಳಸುವ ಸಯಾನೊಅಕ್ರಿಲೇಟ್, ಜನರ ಬಾಯಲ್ಲಿ ಸೂಪರ್ ಗ್ಲೂ, 1942ರಲ್ಲಿ ಹ್ಯಾರಿ ಕೂವರ್ ಎಂಬ ರಸಾಯನವಿಜ್ಞಾನಿಯ ಕೈಗೆ ಸಿಕ್ಕಿದ್ದು. ಅವರಿಗೆ ಬೇಕಿದ್ದದ್ದು ಬಂದೂಕಿನ ಗುರಿಕಾಣಿಗೆ ಪಾರದರ್ಶಕ ಪ್ಲಾಸ್ಟಿಕ್. ಇದು ಮುಟ್ಟಿದ್ದಕ್ಕೆಲ್ಲ ಅಂಟಿಕೊಳ್ಳುತ್ತದೆಂದು ಆಗ ಬದಿಗಿಟ್ಟರು. 1958ರಲ್ಲಿ ಅದೇ ಗುಣವನ್ನು ಬಾಟಲಿಗೆ ತುಂಬಿ ಮಾರಾಟಕ್ಕಿಟ್ಟರು. ಒಣಗುವುದಕ್ಕೆ ಇದಕ್ಕೆ ಗಾಳಿಯಲ್ಲಿನ ತೇವ ಸಾಕು. ಬೆರಳಿನ ತೇವ ಇನ್ನೂ ಇಷ್ಟ. ಮರಕ್ಕೆ ಮರ ಅಂಟುವ ಮೊದಲೇ ಬೆರಳಿಗೆ ಬೆರಳು ಅಂಟಿರುತ್ತದೆ.

ಇದಕ್ಕೆ ಹತ್ತಿ ಬಟ್ಟೆಯ ಮೇಲಿರುವ ಮಮತೆಯಂತೂ ಕಂಡವರಿಗೇ ಗೊತ್ತು. ಹತ್ತಿಗೆ ತಗುಲಿದ ಕೂಡಲೇ ಕ್ರಿಯೆ ಎಷ್ಟು ರಭಸವಾಗಿ ನಡೆಯುತ್ತದೆಂದರೆ ಬಟ್ಟೆ ಕಾದು ಹೊಗೆಯೇಳುತ್ತದೆ. ಒಂದು ಸಂಜೆ ಬಾಟಲಿಯ ಮೂತಿ ಕಟ್ಟಿಕೊಂಡಿತ್ತು. ಹಿಂಡಿದೆ, ಬರಲಿಲ್ಲ. ಗುಂಡುಸೂಜಿಯಿಂದ ಚುಚ್ಚಿ ಮತ್ತೆ ಹಿಂಡಿದೆ. ಅಷ್ಟು ಹೊತ್ತೂ ಬಾರದಿದ್ದದ್ದೆಲ್ಲ ಒಟ್ಟಿಗೇ ಬಂದು ತೊಡೆಯ ಮೇಲೆ ಬಿತ್ತು. ಪ್ಯಾಂಟಿನ ಆ ಜಾಗದಿಂದ ತೆಳ್ಳಗೆ ಬಿಳಿ ಹೊಗೆ ಎದ್ದಿತು. ಎಡಗೈಯ ಎರಡು ಬೆರಳು ರೆಕ್ಕೆಯ ರಿಬ್ಬಿಗೆ, ಅಂದರೆ ರೆಕ್ಕೆಗೆ ಆಕಾರ ಕೊಡುವ ಒಳಗಿನ ಅಡ್ಡಪಟ್ಟಿಗೆ, ಅಂಟಿದ್ದರಿಂದ ಏಳುವಂತೆಯೂ ಇರಲಿಲ್ಲ.

"ರೀ, ಏನೋ ಸೀದ ವಾಸನೆ ಬರ್ತಿದೆ. ಒಲೆ ಮೇಲೆ ಏನಾದ್ರೂ ಇಟ್ಟಿದ್ದೀರಾ?" ಒಳಗಿನಿಂದ ಕೇಳಿದಳು.

"ಒಲೆ ಮೇಲೆ ಏನಿಲ್ಲ ಕಣೇ, ನಾನೇ."

ಅಸಿಟೋನಿನಲ್ಲಿ ಅದ್ದಿ ಬೆರಳು ಬಿಡಿಸಿದಳು. ರಿಬ್ಬು ಮುರಿಯದಂತೆ ಬಿಡಿಸು ಎಂದು ನಾನು ಎರಡು ಸಲ ಹೇಳಿದ್ದು ಅವಳಿಗೆ ಇನ್ನೂ ನೆನಪಿದೆ.

ರೆಕ್ಕೆಯ ನಕ್ಷೆ ಮಾಡುವವರು ಮಹಾ ಮಿತವ್ಯಯಿಗಳು. ಎಷ್ಟೋ ನಕ್ಷೆಗಳಲ್ಲಿ ಒಂದೇ ರೆಕ್ಕೆ ಬರೆದಿರುತ್ತದೆ. ಇನ್ನೊಂದು ಅದರ ಕನ್ನಡಿ ಬಿಂಬ, ನೀವೇ ನೋಡಿಕೊಳ್ಳಿ ಎಂಬ ಧೋರಣೆ. ಹಳಬರು ಇದಕ್ಕೆ ಕಂಡುಕೊಂಡ ದಾರಿ ಎಂದರೆ ನಕ್ಷೆಗೆ ಎಣ್ಣೆ ಸವರುವುದು. ಕಾಗದ ಪಾರದರ್ಶಕವಾಗುತ್ತದೆ, ಮಗುಚಿ ಹಾಕಿದರೆ ಗೆರೆಗಳು ಹಿಂದಿನಿಂದ ಕಾಣುತ್ತವೆ. ಮಗುಚುವುದು ಮರೆತರೆ ಎರಡೂ ಬಲರೆಕ್ಕೆಗಳೇ ತಯಾರಾಗುತ್ತವೆ. ಈ ಹವ್ಯಾಸದವರು ನಾಲ್ಕು ಜನ ಸೇರಿದ ಕಡೆ ಎರಡು ಬಲರೆಕ್ಕೆ ಕಟ್ಟಿದವನ ಕಥೆ ಬಂದೇ ಬರುತ್ತದೆ. ಅದು ಯಾವಾಗಲೂ ಹೇಳುವವನ ಪರಿಚಯಸ್ಥನೊಬ್ಬನಿಗೆ ಆದದ್ದು.

ಕಲಿಯುವವರ ವಿಮಾನಕ್ಕೆ ಸ್ವಲ್ಪ ಕರುಣೆ ಇರುತ್ತದೆ. ಅದರ ರೆಕ್ಕೆಗಳು ತುದಿಯತ್ತ ಮೇಲಕ್ಕೆ ಬಾಗಿರುತ್ತವೆ, ಕೈ ಬಿಟ್ಟರೆ ತಾನಾಗಿ ಮಟ್ಟಸಕ್ಕೆ ಬರುತ್ತದೆ. ಏರೋಬ್ಯಾಟಿಕ್ ವಿಮಾನದಲ್ಲಿ ಆ ಬಾಗು ಇಲ್ಲವೇ ಇಲ್ಲ ಎನ್ನಬಹುದು. ರೆಕ್ಕೆಯನ್ನು ಅಡ್ಡ ಕೊಯ್ದು ನೋಡಿದರೆ ಮೇಲೂ ಕೆಳಗೂ ಒಂದೇ ಉಬ್ಬು. ಅದಕ್ಕೆ ಬೆನ್ನು ಯಾವುದು, ಹೊಟ್ಟೆ ಯಾವುದು ಎಂಬ ಭೇದವಿಲ್ಲ. ಎಲ್ಲಿ ಬಿಟ್ಟಿರೋ ಅಲ್ಲೇ ಇರುತ್ತದೆ. ಕಟ್ಟುವಾಗ ರೆಕ್ಕೆ ಕೂದಲೆಳೆಯಷ್ಟು ತಿರುಚಿಕೊಂಡಿದ್ದರೆ ಅದನ್ನೂ ಮರೆಯುವುದಿಲ್ಲ. ದುಂಡಗೆ ಬರಬೇಕಾದ ಲೂಪು ಬಾಟಲಿಯ ಬಿರಟೆ ತೆಗೆಯುವ ಸುರುಳಿಯಾಗಿ ಹೊರಬೀಳುತ್ತದೆ. ಇದರಲ್ಲಿ ವಿಶ್ವ ಚಾಂಪಿಯನ್‌ಶಿಪ್ 1960ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಶುರುವಾಯಿತು. ಎಫ್‌ತ್ರೀಎ ಎಂದು ಕರೆಯುವ ಆ ವರ್ಗದಲ್ಲಿ ದಶಕಗಳಿಂದ ನಡೆದುಬಂದ ಮಿತಿ 2 ಮೀಟರ್ ಅಗಲ, 2 ಮೀಟರ್ ಉದ್ದ, 5 ಕಿಲೊ ತೂಕ. ದೊಡ್ಡದಾಗಿರಬೇಕು, ಭಾರವಿರಬಾರದು. ಹಾರಿಸುವವರು ಕಸರತ್ತುಗಳ ಚಿತ್ರಲಿಪಿಯನ್ನು ಚೀಟಿಯಲ್ಲಿ ಬರೆದುಕೊಂಡು, ಕಡ್ಡಿಗೆ ಸಿಕ್ಕಿಸಿದ ಪುಟಾಣಿ ವಿಮಾನವನ್ನು ಕೈಯಲ್ಲಿ ತಿರುಗಿಸುತ್ತಾ, ಮೈದಾನದಲ್ಲಿ ತಮ್ಮಷ್ಟಕ್ಕೆ ಗುನುಗಿಕೊಂಡು ಓಡಾಡುತ್ತಾರೆ. ನಾನು ಅದನ್ನು ನಮ್ಮ ತಾರಸಿಯ ಮೇಲೆ ಮಾಡಿದೆ. ಪಕ್ಕದ ಮನೆಯವರು ಅಂದಿನಿಂದ ನನ್ನ ಜತೆ ತುಂಬ ಮೆತ್ತಗೆ ಮಾತಾಡುತ್ತಾರೆ.

ಇಷ್ಟಾದ ಮೇಲೆ ಎಲುಬುಗೂಡು ಸಿದ್ಧವಾಗುತ್ತದೆ. ಎತ್ತಿದರೆ ಎತ್ತಿದ್ದೇ ಗೊತ್ತಾಗುವುದಿಲ್ಲ, ಬೆಳಕಿಗೆ ಹಿಡಿದರೆ ಒಳಗಿನ ರಿಬ್ಬುಗಳೆಲ್ಲ ಸಾಲಾಗಿ ನಿಂತದ್ದು ಕಾಣುತ್ತದೆ. ನನ್ನ ಅಭಿಪ್ರಾಯ ಕೇಳಿದರೆ ಯಾವ ವಿಮಾನವೂ ಇದಕ್ಕಿಂತ ಚೆಂದ ಕಾಣುವುದಿಲ್ಲ, ಇಲ್ಲಿಗೇ ನಿಲ್ಲಿಸಬೇಕು. ಆದರೆ ರಿಬ್ಬುಗಳ ನಡುವೆ ಗಾಳಿ ಹಾದುಹೋದರೆ ಹಾರುವುದೆಲ್ಲಿಂದ? ಹಾಗಾಗಿ ಫಿನಿಶಿಂಗ್ ಶುರುವಾಗುತ್ತದೆ, ಅದರ ಹಿಂದೆಯೇ ಗ್ರಾಮುಗಳ ಮೆರವಣಿಗೆ.

ಬಣ್ಣದ ವಿಷಯದಲ್ಲಿ ನನಗೊಂದು ಕನಸಿತ್ತು: ಮೇಲೆ ತಿಳಿನೀಲಿ, ಕೆಳಗೆ ಬೆಳ್ಳಿ, ನಡುವೆ ಎಳೆಯಷ್ಟು ಸಪೂರ ಚಿನ್ನದ ಗೆರೆ. ಚಿತ್ರ ಬರೆದು ಮನೆಯವಳಿಗೆ ತೋರಿಸಿದೆ.

"ಆಕಾಶಕ್ಕೆ ಬಿಡೋದಕ್ಕೆ ಆಕಾಶದ ಬಣ್ಣಾನೇ ಹಚ್ಚಿದ್ರೆ ಕಾಣೋದು ಹೇಗ್ರೀ?"

ವಿಮಾನದ ಬಗ್ಗೆ ನಮ್ಮ ಮನೆಯಲ್ಲಿ ಆಡಿದ ಮಾತುಗಳಲ್ಲೆಲ್ಲ ತೂಕದ ಮಾತು ಇದೇ. ನೂರೈವತ್ತು ಮೀಟರ್ ಆಚೆ ಹೋದ ಮೇಲೆ ಚಿನ್ನದ ಗೆರೆಯೂ ಇಲ್ಲ, ಬೆಳ್ಳಿಯೂ ಇಲ್ಲ. ಇರುವುದೊಂದು ಕರಿ ನೆರಳು. ಅದು ಬೆನ್ನು ತೋರಿಸುತ್ತಿದೆಯೋ ಹೊಟ್ಟೆಯೋ ಗೊತ್ತಾಗದ ಒಂದು ಕ್ಷಣ ಸಾಕು ಕೆಲಸ ಕೆಡಲು. ಅದಕ್ಕೇ ಮೇಲೆ ಒಂದು ಬಣ್ಣ, ಕೆಳಗೆ ಅಗಲವಾದ ಪಟ್ಟೆಯೋ ಚೌಕಳಿಯೋ ಹಾಕುವುದು ರೂಢಿ. ಕೊನೆಗೆ ಮೇಲೆ ಕೆಂಪು, ಕೆಳಗೆ ಬಿಳಿ, ಬಿಳಿಯ ಮೇಲೆ ಕರಿ ಪಟ್ಟೆ ಎಂದು ತೀರ್ಮಾನವಾಯಿತು. ಚಿನ್ನದ ಗೆರೆಯನ್ನು ನಾನು ಗುಟ್ಟಾಗಿ ಉಳಿಸಿಕೊಂಡೆ. ಅದು ನಾಲ್ಕು ಗ್ರಾಂ.

ಹೊದಿಸುವುದಕ್ಕೆ ಬರುವ ಫಿಲ್ಮಿನಲ್ಲಿ ಬಣ್ಣ ಇರುವುದು ಅದರ ಹಿಂಬದಿಯ ಅಂಟಿನ ಪದರದಲ್ಲಿ. ಸುಮಾರು 100 ಡಿಗ್ರಿ ಸೆಲ್ಸಿಯಸ್ ಬಿಸಿಗೆ ಅಂಟು ಕರಗಿ ಮರ ಹಿಡಿಯುತ್ತದೆ, ಇನ್ನೂ ಕಾಯಿಸಿದರೆ ಫಿಲ್ಮು ಕುಗ್ಗಿ ಬಿಗಿಯಾಗುತ್ತದೆ. ಓದುವುದಕ್ಕೆ ಬಹಳ ಸುಲಭ. ಮೊದಲ ತಾಪತ್ರಯ ಹಿಂದಿನ ರಕ್ಷಾಹಾಳೆ ಬೇರೆ ಮಾಡುವುದು. ಅದು ಪೂರ್ತಿ ಪಾರದರ್ಶಕ; ಇದೆಯೋ ಇಲ್ಲವೋ ಕಣ್ಣಿಗೆ ತಿಳಿಯದು, ಉಗುರಿಗೂ ಸಿಗದು. ಮೂಲೆಯ ಎರಡೂ ಬದಿಗೆ ಸೆಲ್ಲೋಟೇಪ್ ತುಂಡು ಅಂಟಿಸಿ ಎಳೆದರೆ ಸೀಳಿಕೊಳ್ಳುತ್ತದೆ. ಸೀಳಿಕೊಂಡ ಕ್ಷಣದಿಂದ ಎರಡಕ್ಕೂ ಸ್ಥಿರ ವಿದ್ಯುತ್ತು ಏರಿ, ಫಿಲ್ಮು ಮಡಿಚಿ ತನಗೆ ತಾನೇ ಅಪ್ಪಿಕೊಳ್ಳುತ್ತದೆ, ಮೊಣಕೈಗೆ ಸುತ್ತುತ್ತದೆ, ನೆಲದ ಮೇಲಿನ ಬಾಲ್ಸಾ ಹುಡಿಯನ್ನೆಲ್ಲ ಸೆಳೆದುಕೊಳ್ಳುತ್ತದೆ. ರೆಕ್ಕೆಯೊಂದನ್ನು ಬಿಟ್ಟು ಕೋಣೆಯಲ್ಲಿರುವ ಎಲ್ಲದರ ಮೇಲೂ ಅದಕ್ಕೆ ಪ್ರೀತಿ.

ಇದಕ್ಕೆಂದೇ ಪುಟ್ಟ ಇಸ್ತ್ರಿ ಬರುತ್ತದೆ. ನನ್ನದು ಬರುವುದು ತಡವಾಗುತ್ತದೆಂದು ತಿಳಿದು ಮನೆಯ ಇಸ್ತ್ರಿಪೆಟ್ಟಿಗೆ ತೆಗೆದುಕೊಂಡೆ. ರೆಕ್ಕೆಯ ಕೆಲಸ ಪರವಾಗಿಲ್ಲ ಎನ್ನುವ ಹಾಗೆ ಆಯಿತು. ಬಣ್ಣ ಅಂಟಿನಲ್ಲಿರುತ್ತದೆ ಎಂದೆನಲ್ಲ, ಆ ಅಂಟು ಪೆಟ್ಟಿಗೆಯ ಅಂಚಿನಲ್ಲೂ ಉಳಿಯುತ್ತದೆ. ಮಾರನೆಯ ಬೆಳಿಗ್ಗೆ ನನ್ನ ಬಿಳಿ ಅಂಗಿಯ ಎದೆಯ ಮೇಲೆ ಉದ್ದಕ್ಕೂ ಕೆಂಪು ಗೆರೆಯೊಂದು ಮೂಡಿತು, ಅಳತೆ ಹಿಡಿದಷ್ಟು ನೇರವಾಗಿ. ರೆಕ್ಕೆಯ ಮೇಲೆ ಅಷ್ಟು ನೇರವಾದ ಗೆರೆ ನನಗೆ ಇವತ್ತಿಗೂ ಬಂದಿಲ್ಲ.

ರೆಕ್ಕೆಯ ತುದಿಯ ದುಂಡು ಭಾಗಕ್ಕೆ ಮೂರು ಕೈ ಬೇಕು: ಎಳೆಯಲೊಂದು, ಕಾಯಿಸಲೊಂದು, ರೆಕ್ಕೆ ಹಿಡಿಯಲೊಂದು. ಪೂರ್ತಿ ಮರದ ಹಾಳೆ ಹೊದ್ದ ಕಡೆ ಬಿಸಿ ತಾಗಿಸಿದರೆ ಒಳಗಿನ ಗಾಳಿ ಹಿಗ್ಗಿ ಬೊಬ್ಬೆ ಏಳುತ್ತದೆ. ಸೂಜಿಯಿಂದ ಚುಚ್ಚಿ ಗಾಳಿ ಬಿಟ್ಟು, ಮತ್ತೆ ಒತ್ತಿದರೆ ಪಕ್ಕದಲ್ಲಿ ಇನ್ನೊಂದು ಏಳುತ್ತದೆ. ರಾತ್ರಿ ಸುಕ್ಕಿಲ್ಲದೆ ಮಿರಮಿರ ಮಿಂಚುತ್ತಿದ್ದ ರೆಕ್ಕೆಯನ್ನು ಬೆಳಿಗ್ಗೆ ಬಿಸಿಲಿಗೆ ತಂದರೆ ಸುಕ್ಕುಗಳು ವಾಪಸು ಬಂದಿರುತ್ತವೆ. ಒಳಗೆ ತಂದರೆ ಕೆಲವು ಹೋಗುತ್ತವೆ. ಹಾಗಾಗಿ ಈ ವಿಮಾನವನ್ನು ನೋಡಲು ಬಂದವರಿಗೆ ನಾನು ಒಳಗೇ ತೋರಿಸುವುದು.

ಕಾಕ್‌ಪಿಟ್ಟಿನ ಮೇಲಿನ ಪ್ಲಾಸ್ಟಿಕ್ ಗಾಜಿನದು ಇನ್ನೊಂದು ಅಧ್ಯಾಯ. ಸೂಪರ್ ಗ್ಲೂವಿನ ಆವಿ ಬೆರಳಚ್ಚಿನ ಜಿಡ್ಡಿನ ಮೇಲೆ ಕೂತು ಬಿಳಿಯ ಗೆರೆಗಳಾಗಿ ಗಟ್ಟಿಯಾಗುತ್ತದೆ. ಅಪರಾಧ ನಡೆದಲ್ಲಿ ಸಿಕ್ಕ ವಸ್ತುಗಳ ಮೇಲಿನ ಬೆರಳಚ್ಚು ಕಾಣಿಸಲು ಪೊಲೀಸರು ಬಳಸುವ ವಿಧಾನವೇ ಇದು. ಒಳಗೆ ಕೈಯಾರೆ ಬಣ್ಣ ಬಳಿದ ಪುಟ್ಟ ಪೈಲಟ್ ಗೊಂಬೆ ಕೂರಿಸಿ (ಹನ್ನೊಂದು ಗ್ರಾಂ), ಗಾಜನ್ನು ಅದೇ ಅಂಟಿನಿಂದ ಕೂರಿಸಿ ಮಲಗಿದೆ. ಬೆಳಗಾಗುವಷ್ಟರಲ್ಲಿ ಗಾಜಿನ ಒಳಮೈಯಲ್ಲಿ ನನ್ನ ಹೆಬ್ಬೆಟ್ಟು ಸುಳಿಸುಳಿಯಾಗಿ, ಒಂದು ಗೆರೆಯೂ ತಪ್ಪದೆ, ಪೈಲಟ್ಟಿನ ಮುಖದ ಎದುರಿಗೇ ಮೂಡಿತ್ತು. ಒರೆಸೋಣವೆಂದರೆ ಅದು ಒಳಗೆ, ನಾನು ಹೊರಗೆ. ಈಗಲೂ ಹಾಗೇ ಇದೆ. ವಿಮಾನ ಕಳುವಾದರೆ ಯಾರದ್ದೆಂದು ಸಾಬೀತು ಮಾಡಲು ದಾಖಲೆ ಬೇಕಾಗಿಲ್ಲ.

ಎಲ್ಲ ಮುಗಿದ ಮೇಲೆ ತೂಕದ ಸಮತೋಲ ನೋಡಬೇಕು. ರೆಕ್ಕೆಯ ಸರಾಸರಿ ಅಗಲದಲ್ಲಿ, ಮುಂದಿನ ಅಂಚಿನಿಂದ ಶೇ. 25ರಿಂದ 30ರ ಆಸುಪಾಸಿನಲ್ಲಿ ಎರಡು ಬೆರಳ ತುದಿ ಇಟ್ಟು ಎತ್ತಿದರೆ ವಿಮಾನ ಮಟ್ಟಸವಾಗಿ ನಿಲ್ಲಬೇಕು. ನನ್ನದು ಬಾಲ ತಗ್ಗಿಸಿ ಕೂತಿತು. ಚಿನ್ನದ ಗೆರೆ ಬಾಲದವರೆಗೂ ಹೋಗಿತ್ತು, ಅದರ ಕೆಳಗೆ ಸಂದು ಮುಚ್ಚಿದ ಪುಟ್ಟಿ, ಪುಟ್ಟಿಯ ಮೇಲೆ ಪ್ರೈಮರು. ಮೂಗು ಭಾರವಾದ ವಿಮಾನ ಕೆಟ್ಟದಾಗಿ ಹಾರುತ್ತದೆ, ಬಾಲ ಭಾರವಾದದ್ದು ಒಂದೇ ಸಲ ಹಾರುತ್ತದೆ ಅನ್ನುವುದು ಈ ಮಂದಿಯ ನಡುವೆ ಹಳೆಯ ಮಾತು. ಬ್ಯಾಟರಿಯನ್ನು ಆದಷ್ಟು ಮುಂದಕ್ಕೆ ತಳ್ಳಿದೆ. ಮಿಕ್ಕದ್ದಕ್ಕೆ ಸೀಸ. ಗ್ರಾಂ ಗ್ರಾಮಿಗೂ ಜಿಪುಣತನ ಮಾಡಿ ಕಟ್ಟಿದ ವಿಮಾನದ ಮೂಗಿಗೆ ಸೀಸದ ಉಂಡೆ ಅಂಟಿಸುವಾಗ ಆಗುವ ಸಂಕಟ ಶತ್ರುವಿಗೂ ಬೇಡ.

ಮೈದಾನದಲ್ಲಿ ನಮಗೆಲ್ಲ ಗುರುಗಳಂತಿರುವ ಹಿರಿಯರೊಬ್ಬರಿದ್ದಾರೆ. ಅವರು ವಿಮಾನದ ಸುತ್ತ ಒಂದು ಸುತ್ತು ಬಂದು, ಬಣ್ಣದ ಬಗ್ಗೆ ಒಂದಕ್ಷರವೂ ಆಡದೆ, "ಸ್ಟಿಕ್ ಬಲಕ್ಕೆ ತಳ್ಳಿ" ಎಂದರು. ರಿಮೋಟಿನ ಆ ಕಡ್ಡಿಯನ್ನು ಬಲಕ್ಕೆ ತಳ್ಳಿದರೆ ಬಲರೆಕ್ಕೆಯ ಏಲರಾನ್, ಅಂದರೆ ಹಿಂದಂಚಿನಲ್ಲಿ ಮೇಲೆ ಕೆಳಗೆ ಆಡುವ ಪಟ್ಟಿ, ಮೇಲೇಳಬೇಕು. ಎದ್ದಿತು. ಇದು ಉಲ್ಟಾ ಇದ್ದು ಗೊತ್ತಾಗದೆ ಹಾರಿಸಿದ ವಿಮಾನಗಳು ನೆಲ ಬಿಟ್ಟ ಮರುಕ್ಷಣವೇ ಮಗುಚಿಕೊಳ್ಳುತ್ತವೆ. ಮನೆಯಲ್ಲಿ ನಾನು ಎಷ್ಟು ಸಲ ನೋಡಿಕೊಂಡಿದ್ದೆನೆಂದರೆ ಮಗಳೂ ನಡುನಡುವೆ "ಬಲ, ಮೇಲೆ" ಎಂದು ಹಾಡಿಕೊಳ್ಳುವ ಹಾಗಾಗಿತ್ತು.

"ಗಾಳಿ ಸ್ವಲ್ಪ ಜಾಸ್ತಿ ಅಲ್ವೇ?" ಎಂದೆ.

"ಎಲೆ ಅಲ್ಲಾಡ್ತಿಲ್ಲ ಸ್ವಾಮಿ, ಬಿಡಿ."

ಬಿಟ್ಟೆ. ಎದ್ದಿತು. ಮೊಣಕಾಲಿನ ನಡುಕ ಬೆರಳಿಗೆ ಬಂದು, ಬೆರಳಿನಿಂದ ರೇಡಿಯೊ ಅಲೆಯ ಮೇಲೆ ರೆಕ್ಕೆಗೂ ತಲುಪಿತು. ಒಂದು ಸುತ್ತು ಆದ ಮೇಲೆ ಮಗುಚಿದೆ. ಹೊಟ್ಟೆಯ ಪಟ್ಟೆಗಳು ಆಕಾಶಕ್ಕೆ ಮುಖಮಾಡಿದವು, ಮೂಗನ್ನು ಏರಿಸಿ ಇಳಿಸುವ ಬಾಲದ ಪಟ್ಟಿ, ಎಲಿವೇಟರಿನ ಸ್ಟಿಕ್ಕನ್ನು ಚೂರು ಮುಂದಕ್ಕೆ ಒತ್ತಿ ಹಿಡಿದರೆ ಸಾಕಾಯಿತು, ನೆಟ್ಟಗೆ ಹೋಯಿತು. ಲೂಪು ಹಾಕಿದೆ, ದುಂಡಗೆ ಎನ್ನಲಾರೆ, ಮುಚ್ಚಿಕೊಂಡಿತು ಎನ್ನಬಹುದು. ವಿಮಾನ ನಮ್ಮತ್ತ ಬರುವಾಗ ಎಡ ಬಲ ಅದಲುಬದಲಾಗುತ್ತವೆ. ಆಗ ಯಾವ ರೆಕ್ಕೆ ತಗ್ಗಿದೆಯೋ ಆ ಕಡೆಗೇ ಸ್ಟಿಕ್ ತಳ್ಳಬೇಕು ಎಂಬ ಸೂತ್ರ ನನಗೆ ಬಾಯಿಪಾಠ. ಇಳಿಸುವಾಗ ಬಾಯಿಗೆ ಬಂತು, ಕೈಗೆ ಬರಲಿಲ್ಲ. ಎಡರೆಕ್ಕೆಯ ತುದಿ ಹುಲ್ಲಿಗೆ ತಾಗಿ ಒಂದು ಗಿರಕಿ ಹೊಡೆದು ನಿಂತಿತು.

ರಿಬ್ಬು ಒಂದೂ ಮುರಿದಿರಲಿಲ್ಲ. ಫಿಲ್ಮು ಮಾತ್ರ ಮೇಲೂ ಕೆಳಗೂ ಅಂಗೈ ಅಗಲ ಹರಿದಿತ್ತು, ಚಿನ್ನದ ಗೆರೆಯೂ ಸೇರಿ. ಕೆಂಪು ಸುರುಳಿ ಮುಗಿದಿತ್ತು. ಉಳಿದಿದ್ದ ಕರಿಯದನ್ನೇ ಕತ್ತರಿಸಿ ತೇಪೆ ಹಾಕಿದೆ. ಮುಂದಿನ ಸಲ ಮೈದಾನಕ್ಕೆ ಹೋದಾಗ ಹಿರಿಯರು ಮೊದಲ ಬಾರಿಗೆ ಅದರ ಬಣ್ಣವನ್ನು ಹೊಗಳಿದರು.

"ಈಗ ಸರಿಯಾಯ್ತು ನೋಡಿ. ಎಷ್ಟು ದೂರದಿಂದಲೂ ಎಡ ಯಾವುದು, ಬಲ ಯಾವುದು ಅಂತ ಗೊತ್ತಾಗುತ್ತೆ. ಚೆಂದ ಕಾಣಲಿ ಅಂತ ಆ ಕಡೆಗೂ ಇಂಥದ್ದೇ ಒಂದು ಹಾಕಿಬಿಡಬೇಡಿ ಮತ್ತೆ."

ಹಾಕಲೆಂದು ಕತ್ತರಿಸಿಟ್ಟುಕೊಂಡಿದ್ದ ತುಂಡು ಆಗ ನನ್ನ ಜೇಬಿನಲ್ಲೇ ಇತ್ತು.